ಓಟಿ ಟ್ಯಾಕ್ಸಿನ ಕುಬಸ

"ಬಾರವಾ ಬಾ, ಇನ್‌ಕಮ್ ಟ್ಯಾಕ್ಸ್ ಕಟ್ಟೋ ಸಾವಕಾರ್ತಿ! ಸರೀರಿ ಎಲ್ಲಾರೂ, ಹಾದಿ ಬಿಡ್ರಿ. ದೇಶಾ ನಡಸಾಕಿ ಬಂದಾಳ, ಪುಕ್ಕಟ ಅಕ್ಕಿ ಕೇಳಾಕ!"

ನೇಸರಗಿಯ ರೇಷನ್ ಡಿಪೋದವನು ಹೀಗೆ ಕೂಗಿದಾಗ ನನ್ನ ಹೆಬ್ಬೆಟ್ಟು ಇನ್ನೂ ಯಂತ್ರದ ಮೇಲೆಯೇ ಇತ್ತು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಗದೆ ಏನು ಮಾಡುತ್ತಾರೆ? ಆ ಸಾಲಿನಲ್ಲಿ ನಾನಿದ್ದಿದ್ದರೂ ನಗುತ್ತಿದ್ದೆ. ಏಳು ತಿಂಗಳ ಹೊಟ್ಟೆ, ಕೈಯಲ್ಲಿ ಗೊಬ್ಬರದ ಚೀಲ, ಉಂಗುಷ್ಟ ಕಿತ್ತ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡ ಕೇರಿಯ ಮಾಯವ್ವ ಟ್ಯಾಕ್ಸ್ ಕಟ್ಟುತ್ತಾಳೆ ಎಂದರೆ ಕತ್ತೆಗೂ ನಗು ಬರಬೇಕು.

"ಏನ ಅನ್ನಾಕತ್ತೀರಿ ಅಣ್ಣಾರ?" ಎಂದೆ.

"ನಾ ಅನ್ನಾಕತ್ತಿಲ್ಲ, ಮಷಿನ್ ಅನ್ನಾಕತ್ತೈತಿ. ನಿನ್ನ ಗಂಡ ಟ್ಯಾಕ್ಸ್ ಕಟ್ಟತಾನಂತ. ಟ್ಯಾಕ್ಸ್ ಕಟ್ಟೋರಿಗೆ ಕಾರ್ಡಿಲ್ಲ. ಅಕ್ಕೀನೂ ಇಲ್ಲ, ಗೃಹಲಕ್ಷ್ಮೀದು ಎರಡ ಸಾವಿರಾನೂ ಇಲ್ಲ. ಹೋಗು, ಪ್ಯಾಟ್ಯಾಗ ಬಾಸುಮತಿ ತಗೊಂಡು ಉಣ್ಣು."

"ನನ್ನ ಗಂಡ ಹಳೇ ಅಂಗೀಗೆ ಗುಂಡಿ ಹಚ್ಚಕೊಂತ ಕುಂದರತಾನ್ರೀ, ಟ್ಯಾಕ್ಸ್ ಎಲ್ಲಿಂದ ಕಟ್ಟತಾನ?"

"ಅದನ್ನ ತಹಶೀಲ್ದಾರ ಕಚೇರ್ಯಾಗ ಕೇಳು. ಕೈ ತಗೀ. ಮುಂದಿನವ್ರು ಬರ್ರಿ."

ನಾನು ಕೈ ತೆಗೆದೆ. ಅವನು ಹೆಗಲ ಮೇಲಿನ ವಸ್ತ್ರದಿಂದ ಯಂತ್ರದ ಗಾಜು ಒರೆಸಿದ. ನನ್ನ ಹಿಂದಿನವರು ಊರೊಳಗಿನವರು, ಅವರ ಹೆಬ್ಬೆಟ್ಟು ಎತ್ತಿದ ಮೇಲೆ ಒರೆಸಲಿಲ್ಲ. ಈ ಒರೆಸಾಟ ಹೊಸದೇನಲ್ಲ. ಅಕ್ಕಿ ಸಿಗುವ ತಿಂಗಳುಗಳಲ್ಲಿ ನಾನು ಅದನ್ನು ಕಂಡೂ ಕಾಣದ ಹಾಗೆ ಇರುತ್ತಿದ್ದೆ. ಅವತ್ತು ಚೀಲ ಖಾಲಿ ಇತ್ತು, ಹಾಗಾಗಿ ಚೆನ್ನಾಗಿ ಕಂಡಿತು.

ಕಾರ್ಡು ಹೋದರೆ ನಮ್ಮ ಮನೆಯಲ್ಲಿ ಏನು ಹೋಗುತ್ತದೆ ಎಂದು ಕೇಳಿ. ಅಕ್ಕಿ ಹೋಗುತ್ತದೆ. ಎರಡು ಸಾವಿರ ಹೋಗುತ್ತದೆ. ಅದಕ್ಕಿಂತ ಹೆಚ್ಚಿನದು, ಹೆರಿಗೆಗೆಂದು ಬೈಲಹೊಂಗಲದ ದವಾಖಾನೆಗೆ ಹೋದರೆ ಬಾಗಿಲಲ್ಲಿ ಮೊದಲು ಕೇಳುವುದೇ ಆ ಕಾರ್ಡನ್ನು. ನನ್ನ ಮೊದಲ ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿ ಸತ್ತಿತ್ತು. ಈ ಸಲ ಕೊಯ್ದೇ ತೆಗೆಯಬೇಕಾಗಬಹುದು ಎಂದು ಡಾಕ್ಟರಮ್ಮ ಹೇಳಿದ್ದಳು. ಕಾರ್ಡಿದ್ದರೆ ಅದು ಪುಕ್ಕಟೆ. ಇಲ್ಲದಿದ್ದರೆ ಅಷ್ಟು ರೊಕ್ಕಕ್ಕೆ ಮನೆಯ ತಗಡು ಮಾರಿದರೂ ಸಾಲದು. ಎರಡು ತಿಂಗಳಲ್ಲಿ ನನಗೆ ಆ ಕಾರ್ಡು ಬೇಕಿತ್ತು.

ನನ್ನ ಗಂಡ ಶಟ್ಟೆಪ್ಪ ದುಡಿಯುವುದು ಮುಂಬೈ ಕಡಲಿನೊಳಗೆ. ಬೋಟಿನಲ್ಲಿ ತಾಸುಗಟ್ಟಲೆ ಹೋದರೆ ನೀರಿನ ನಡುವೆ ಎಣ್ಣೆ ತೆಗೆಯುವ ಕಬ್ಬಿಣದ ಅಟ್ಟವಿದೆ. ಅದರ ತುಕ್ಕು ಕೆರೆದು ಬಣ್ಣ ಹಚ್ಚುವುದು ಅವನ ಕೆಲಸ. ಈ ತುದಿಯಿಂದ ಹಚ್ಚುತ್ತ ಆ ತುದಿಗೆ ಮುಟ್ಟುವಷ್ಟರಲ್ಲಿ ಈ ತುದಿ ಮತ್ತೆ ತುಕ್ಕು ಹಿಡಿದಿರುತ್ತದಂತೆ. ಇಪ್ಪತ್ತೆಂಟು ದಿನ ಕಡಲಲ್ಲಿ, ಇಪ್ಪತ್ತೆಂಟು ದಿನ ಮನೆಯಲ್ಲಿ. ಮನೆಯಲ್ಲಿದ್ದ ದಿನಗಳಿಗೆ ಪಗಾರವಿಲ್ಲ.

ಇವನು ಇಳಿದು ಬಂದಾಗ ಮೇಲೆ ಹೋಗುವವನು ಮನೋಳಿಯ ಯುವರಾಜ. ಅಲ್ಲಿ ಇಬ್ಬರಿಗೂ ಸೇರಿ ಒಂದೇ ಹಾಸಿಗೆ, ಒಂದೇ ಕಪಾಟು, ಒಂದೇ ಜೋಡು ಬೂಟು. ಶಟ್ಟೆಪ್ಪನ ಪಾದ ದೊಡ್ಡದು, ಯುವರಾಜನದು ಸಣ್ಣದು. ಅವನು ಬೂಟಿನೊಳಗೆ ಅರಿವೆ ತುರುಕಿಕೊಳ್ಳುತ್ತಾನೆ, ಇವನು ಹೋದಾಗ ಬೈಯುತ್ತ ಕಿತ್ತು ಒಗೆಯುತ್ತಾನೆ. ಯುವರಾಜನ ಹೆಂಡತಿ ಅನ್ನಪೂರ್ಣಾ ಕಟ್ಟಿಕೊಟ್ಟ ಶೇಂಗಾ ಚಟ್ನಿಯಲ್ಲಿ ಅರ್ಧ ಇವನಿಗಾಗಿ ದಿಂಬಿನ ಕೆಳಗೆ ಇರುತ್ತದೆ. ನಾನು ಬಡಿದ ಕಡಕ್ ರೊಟ್ಟಿಯಲ್ಲಿ ಅರ್ಧ ಅವನಿಗೆ. ಎರಡು ವರ್ಷದಲ್ಲಿ ಇವರು ಮುಖಾಮುಖಿ ಆದದ್ದು ಮುಂಬೈಯಲ್ಲಿ ಬೋಟು ನಿಲ್ಲುವ ಧಕ್ಕೆಯ ಮೇಲೆ, ಒಬ್ಬ ಇಳಿದು ಒಬ್ಬ ಹತ್ತುವಾಗ, ಒಂದು ಬೀಡಿ ಸೇದುವಷ್ಟು ಹೊತ್ತು ಮಾತ್ರ.

ಹಾಸಿಗೆ ಒಂದೇ ಆಗಲಿ, ಬೂಟು ಒಂದೇ ಆಗಲಿ, ಬಡವರಿಗೆ ಅದೆಲ್ಲ ರೂಢಿ. ಆದರೆ ಕಾಗದದಲ್ಲಿ ಇವರಿಬ್ಬರಿಗೆ ಹೆಸರೂ ಒಂದೇ. ಕಡಲಿಗೆ ಹೋಗುವವರು ಈಜುವ, ಬೆಂಕಿ ಆರಿಸುವ ತರಬೇತಿ ಮಾಡಿ ಸರ್ಟಿಫಿಕೇಟು ತರಬೇಕು. ಅದಕ್ಕೆ ತಲೆಗೆ ಇಪ್ಪತ್ತೆರಡು ಸಾವಿರ ಖರ್ಚು. ಇವರನ್ನು ಕಡಲಿಗೆ ಕಳಿಸುವ ಬೈಲಹೊಂಗಲದ ಗುತ್ತಿಗೆದಾರ ನಿಜಗುಣಪ್ಪ ಮೊದಲ ದಿನವೇ ಹೇಳಿದ್ದ:

"ಇಬ್ಬರಿಗ್ಯಾಕ ಖರ್ಚು? ಒಬ್ಬಂದು ಮಾಡಸ್ತೇನಿ. ಇಬ್ರೂ ಶಟ್ಟೆಪ್ಪ ಅಂತನ ಹೋಗ್ರಿ. ಮ್ಯಾಲ ಟೊಪಗಿ, ಕೆಳಗ ಮೀಸಿ. ನಿಮ್ಮ ಮಂದಿ ಮಾರಿ ಎಲ್ಲಾ ಒಂದ ಅಚ್ಚಿನ್ಯಾಗ ಹೊಡದಂಗ ಇರ್ತಾವು, ಯಾವ ಮಗಾ ಗುರ್ತ ಹಿಡೀತಾನ?"

ಎರಡು ವರ್ಷ ಯಾವ ಮಗನೂ ಗುರುತು ಹಿಡಿಯಲಿಲ್ಲ. ಯುವರಾಜ ನನ್ನ ಗಂಡನಿಗಿಂತ ಒಂದು ಗೇಣು ಗಿಡ್ಡ, ಬಣ್ಣವೂ ಬೇರೆ, ಎಡಗೆನ್ನೆಯ ಮೇಲೆ ಹೆಸರುಕಾಳಿನಷ್ಟು ನರಹುಲಿ ಇದೆ. ಯಾರೂ ನೋಡಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಮೋಸ ನಡೆದದ್ದು ನಿಜಗುಣಪ್ಪನ ಜಾಣತನದಿಂದಲ್ಲ. ನಮ್ಮ ಮುಖವನ್ನು ಯಾರೂ ಪೂರಾ ನೋಡುವುದಿಲ್ಲ ಎಂಬ ಭರವಸೆಯಿಂದ.

ಇನ್ನೊಂದು ಮಾತನ್ನು ನಾನೂ ಅನ್ನಪೂರ್ಣಾಳೂ ಫೋನಿನಲ್ಲಿ ಆಗಾಗ ಆಡಿಕೊಂಡು ನಗುತ್ತಿದ್ದೆವು. ಯುವರಾಜ ಕಡಲಿಗೆ ಬಿದ್ದನೆಂದು ಇಟ್ಟುಕೊಳ್ಳಿ. ಕಾಗದದಲ್ಲಿ ಸಾಯುವವನು ಶಟ್ಟೆಪ್ಪ. ಕಾಗದದಲ್ಲಿ ರಂಡೆಯಾಗುವವಳು ನಾನು, ಬಳೆ ಒಡೆದುಕೊಳ್ಳುವವಳು ಅವಳು. "ಪರಿಹಾರ ಬಂದ್ರ ಅರ್ಧಾ ಕೊಡ ಅಕ್ಕಾ" ಎನ್ನುತ್ತಿದ್ದಳು.

ಇನ್ನು ಟ್ಯಾಕ್ಸು. ಕಡಲಲ್ಲಿ ದಿನಕ್ಕೆ ಹನ್ನೆರಡು ತಾಸು ಕೆಲಸ. ಎಂಟು ತಾಸಿಗೆ ಪಗಾರ, ಮೇಲಿನ ನಾಲ್ಕು ತಾಸಿಗೆ ಓಟಿ, ಅಂದರೆ ಓವರ್‌ಟೈಮಿನ ರೊಕ್ಕ. ಪಗಾರ ನಿಜಗುಣಪ್ಪನ ಕೈಯಿಂದ ನಮಗೆ ಬರುತ್ತಿತ್ತು, ಇಪ್ಪತ್ತೆಂಟು ದಿನದ ಒಂದು ಸುತ್ತಿಗೆ ಹದಿನೆಂಟು ಸಾವಿರ. ಓಟಿಯಲ್ಲಿ ಹತ್ತಕ್ಕೆ ಮೂರು ರೂಪಾಯಿ "ಸರಕಾರದ ಟ್ಯಾಕ್ಸ್" ಎಂದು ಮುರಿದುಕೊಳ್ಳುತ್ತಿದ್ದ. ಉಳಿದ ಏಳನ್ನು ಊಟ, ಬೋಟು, ಬಟ್ಟೆ ಎಂದು ಮುರಿದುಕೊಳ್ಳುತ್ತಿದ್ದ. ಬ್ಯಾಂಕಿನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಖಾತೆಗೆ ಜೋಡಿಸಿದ ಸಿಮ್ಮು ಎಲ್ಲ ಅವನ ಕಪಾಟಿನಲ್ಲಿ. ನಾವು ಕೇಳಿದ್ದಿಲ್ಲ. ಸರಕಾರ ಎಂದ ಮೇಲೆ ಕೇಳುವುದೇನು ಎಂದುಕೊಂಡಿದ್ದೆವು. ಇದು ನಮ್ಮ ತಪ್ಪು, ಒಪ್ಪುತ್ತೇನೆ.

ಮರುದಿನ ಬೈಲಹೊಂಗಲಕ್ಕೆ ಹೋದೆ. ತಹಶೀಲ್ದಾರ ಕಚೇರಿಯ ಎದುರು ಆನ್‌ಲೈನ್ ಅಂಗಡಿ ಇಟ್ಟ ಪೂನಮ್ ನಮ್ಮ ಕೇರಿಯ ಹುಡುಗಿ, ಬಿ.ಕಾಂ. ಓದಿದವಳು. ಶಟ್ಟೆಪ್ಪನ ಪ್ಯಾನ್ ನಂಬರು ಹೊಡೆದು, ಕಂಪ್ಯೂಟರಿನಲ್ಲಿ ಹುಡುಕಿ, ಅಲ್ಲಿಗೆ ಇಲ್ಲಿಗೆ ಎರಡು ಫೋನು ಮಾಡಿ, ನನ್ನನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಕಾಕೂ, ನಿನ್ನ ಗಂಡ ವರ್ಷಕ್ಕ ನಾಕ ಲಕ್ಷ ಅರವತ್ತ ಸಾವಿರ ಗಳಸ್ತಾನ."

"ಯಾವ ಗಂಡ?"

"ಇದನ್ನ ನಾ ಕೇಳಬೇಕು. ಇಲ್ಲಿ ನೋಡು. ಇಬ್ಬರು ದುಡದದ್ದು ಒಬ್ಬನ ಹೆಸರಿಗೆ ಬಿದ್ದೈತಿ, ಓಟೀನೂ ಕೂಡಿ. ಟ್ಯಾಕ್ಸ್ ಮುರದಾರ, ಖರೇ. ಆಮ್ಯಾಲ ರಿಟರ್ನ್ ತುಂಬಿ, ಹೆಚ್ಚಿಗಿ ಆತು ವಾಪಸ್ ಕೊಡ್ರಿ ಅಂತ ಕೇಳ್ಯಾರ. ಸರಕಾರ ವಾಪಸ್ ಕೊಟ್ಟೂ ಬಿಟ್ಟೈತಿ, ಎರಡೂ ವರ್ಷದ್ದು."

"ಯಾರಿಗೆ ಕೊಟ್ಟೈತಿ?"

"ಶಟ್ಟೆಪ್ಪನ ಖಾತೆಗೆ. ಎಟಿಎಂ ಯಾರ ಕಡೆ ಐತಿ?"

ನಾನು ಅಂಗಡಿಯ ಸ್ಟೂಲಿನ ಮೇಲೆಯೇ ಕುಳಿತು ನಕ್ಕೆ. ಅಳಬೇಕಿತ್ತು, ನಗು ಬಂತು. ನಮ್ಮಿಂದ ಸರಕಾರದ ಹೆಸರಲ್ಲಿ ಕಿತ್ತುಕೊಂಡದ್ದನ್ನು ಸರಕಾರ ತಿರುಗಿ ಕೊಟ್ಟಿದೆ, ಅದನ್ನು ನಿಜಗುಣಪ್ಪ ನಮ್ಮ ಹೆಸರಲ್ಲಿ ಉಂಡಿದ್ದಾನೆ, ಉಂಡ ಎಂಜಲ ಗುರುತು ನಮ್ಮ ಬಾಯಿಗೆ ಹತ್ತಿದೆ. ಅದನ್ನು ನೋಡಿ ಸರಕಾರ ನಮ್ಮ ಅಕ್ಕಿ ನಿಲ್ಲಿಸಿದೆ. ಕಳ್ಳನಾದರೂ ಹೀಗೆ ಅಚ್ಚುಕಟ್ಟಾಗಿ ಕದ್ದರೆ ಮೆಚ್ಚಬೇಕು.

ನಿಜಗುಣಪ್ಪನದು ಎರಡಂತಸ್ತಿನ ಮನೆ. ಕೆಳಗೆ ಆಫೀಸು, ಮೇಲೆ ವಾಸ. ನಾನು ಆಫೀಸಿನ ಬಾಗಿಲಲ್ಲೇ ನಿಂತೆ, ಒಳಗಿನ ಕುರ್ಚಿಗಳು ನಮ್ಮಂಥವರಿಗಲ್ಲ. ಎಲ್ಲ ಹೇಳಿದೆ.

"ಟ್ಯಾಕ್ಸ್ ಕಟ್ಟಿದ್ದಕ್ಕ ಹೆಮ್ಮಿ ಪಡಬೇಕವಾ" ಎಂದ ಅವನು, ಹಲ್ಲಿಗೆ ಕಡ್ಡಿ ಹಾಕುತ್ತ. "ನಿಮ್ಮ ಮಂದಿ ಹುಟ್ಟಿದಾಗಿಂದ ಬರೇ ತಗೊಂಡೀರಿ. ಒಂದ ಸಲ ದೇಶಕ್ಕ ಕೊಡ್ರಿ."

"ನನ್ನ ಗಂಡ ವರ್ಷದಾಗ ಆರ ತಿಂಗಳ ಮನ್ಯಾಗ ಇರ್ತಾನ್ರಿ ಸಾವಕಾರ್ರ. ಆರ ತಿಂಗಳಷ್ಟ ದುಡದಾನ ಅಂತ ಒಂದ ಹಾಳ್ಯಾಗ ಬರದ ಕೊಡ್ರಿ. ನನಗ ಕಾರ್ಡ್ ಸಿಕ್ರ ಸಾಕು."

"ಆರ ತಿಂಗಳಾ?" ಅವನು ಗುಮಾಸ್ತನಿಗೆ ಸನ್ನೆ ಮಾಡಿದ. ಪ್ರಿಂಟರಿನಿಂದ ಒಂದು ಪಟ್ಟಿ ಬಂತು. ಅದನ್ನು ನನ್ನ ಕೈಗೆ ಕೊಡದೆ ನೆಲಕ್ಕೆ ಬಿಟ್ಟ. "ತಗೋ. ವರ್ಷದ ಹಾಜರಿ. ಮುನ್ನೂರಾ ಅರವತ್ತೈದ ದಿನ ಶಟ್ಟೆಪ್ಪ ಕಡಲಾಗ ಅದಾನ. ಒಂದ ದಿನಾನೂ ದಂಡಿಗೆ ಬಂದಿಲ್ಲ. ನನ್ನ ಸಹಿ ಐತಿ, ಶಿಕ್ಕಾ ಐತಿ. ಇಬ್ಬರ ಕಥಿ ಎಲ್ಲ್ಯರ ಬಾಯಿ ಬಿಟ್ಟಿ ಅಂದ್ರ, ಸುಳ್ಳ ಹೆಸರಿನ ಮ್ಯಾಲ ಹೋದವ್ರು ಅಂತ ಇಬ್ರೂ ಒಳಗ ಹೊಕ್ಕಾರು. ನಂದೇನೂ ಹೋಗಂಗಿಲ್ಲ. ತಿಳೀತಿಲ್ಲೋ?"

ತಿಳಿಯಿತು. ಹೊಟ್ಟೆ ಅಡ್ಡ ಬರುತ್ತಿತ್ತು, ಬಗ್ಗುವುದು ಕಷ್ಟ. ಮೊಣಕಾಲೂರಿ ಆ ಹಾಳೆ ಎತ್ತಿಕೊಂಡೆ. ಅವನು ಕಡ್ಡಿ ಚುಚ್ಚುವುದು ನಿಲ್ಲಿಸಿ ನೋಡುತ್ತಿದ್ದ.

ಬೇರೆ ಕಾಗದವಿಲ್ಲದ್ದರಿಂದ ಆ ಹಾಳೆಯನ್ನೇ ಹಿಡಿದು, ತಹಶೀಲ್ದಾರ ಕಚೇರಿಯಲ್ಲಿ ರೇಷನ್ ಕಾರ್ಡು ನೋಡುವ ಫುಡ್ ಸಾಹೇಬನ ಹತ್ತಿರ ಹೋಗಿ, ಗಂಡ ಆರು ತಿಂಗಳು ಮನೆಯಲ್ಲೇ ಇರುತ್ತಾನೆ ಎಂದೆ. ಅವನು ಹಾಜರಿಯನ್ನು ಮೇಲಿಂದ ಕೆಳಗೆ ಓದಿದ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ಓದಿದ. ನಡುವಿಗೆ ಬಂದು ಅವನ ಕಣ್ಣು ನಿಂತಿತು.

"ಎಷ್ಟ ತಿಂಗಳವಾ?"

"ಏಳ್ರಿ."

"ಗಂಡ ವರ್ಷದಿಂದ ಸಮುದ್ರ ಬಿಟ್ಟ ಬಂದಿಲ್ಲ." ಅವನು ಪಕ್ಕದ ಟೇಬಲ್ಲಿನವನಿಗೂ ಕೇಳುವಂತೆ ಹೇಳಿದ. "ಏಳ ತಿಂಗಳ ಹೊಟ್ಟಿ. ಪೋಸ್ಟಿನ್ಯಾಗ ಕಳಿಸಿದ್ನೇನು?"

ಪಕ್ಕದವನು ಚಹಾ ಉಗುಳುವಷ್ಟು ನಕ್ಕ. ಬಾಗಿಲಲ್ಲಿದ್ದ ಸಿಪಾಯಿಯೂ ನಕ್ಕ.

"ನಾ ಹಾಜರಿ ನಂಬಲೋ, ಹೊಟ್ಟಿ ನಂಬಲೋ? ಹಾಜರಿ ಮ್ಯಾಲ ಸಹಿ ಐತಿ. ಹೊಟ್ಟಿ ಮ್ಯಾಲ ಯಾರ ಸಹಿ ಐತಿ?" ಸಾಹೇಬ ಕಣ್ಣೊರೆಸಿಕೊಂಡ. "ಆರ ತಿಂಗಳ ಮನ್ಯಾಗ ಇದ್ದ ಅಂತ ಆ ಗುತ್ತಿಗೇದಾರನ ಬರದ ಕೊಟ್ರ ಗಳಿಕಿ ಅರ್ಧಕ್ಕ ಇಳೀತೈತಿ, ಕಾರ್ಡ್ ತಿರುಗಿ ಕೊಡಾಕ ಮ್ಯಾಲ ಕಳಸ್ತೇನಿ. ಇಲ್ಲಂದ್ರ ಹೋಗು, ಮೊದಲ ಈ ಹೊಟ್ಟೀದು ಲೆಕ್ಕಾ ಹಚ್ಚು."

ನೇಸರಗಿ ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಕುಳಿತೆ. ಇಷ್ಟು ದಿನ ಕೆಟ್ಟ ಮಾತು ಕೇಳಿದವಳೇ ನಾನು, ಆದರೆ ಇದು ಒಳಗಿನ ಕೂಸಿಗೂ ಕೇಳಿತಲ್ಲ. ಅರ್ಧ ದಾರಿಗೆ ಬಂದಾಗ ಕೂಸು ಒದೆಯಿತು. ಆಗ ತಲೆಯಲ್ಲಿ ಏನೋ ಸರಕ್ಕನೆ ತಿರುಗಿತು. ಆ ಸಾಹೇಬ ನಗುತ್ತ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಆದರೆ ಅವನು ಅದನ್ನು ಕೇಳಬೇಕಾದವನನ್ನು ಬಿಟ್ಟು ನನ್ನನ್ನು ಕೇಳಿದ್ದ.

ಅತ್ತೆ ಕೆಂಪವ್ವನಿಗೆ ಹೇಳಿದೆ. ನಮ್ಮ ಅತ್ತೆ ಹಲ್ಲಿಲ್ಲದವಳು, ಆದರೆ ಕಚ್ಚಿದರೆ ಬಿಡುವವಳಲ್ಲ. ಫುಡ್ ಸಾಹೇಬನ ಮಾತು ಕೇಳಿ ಮೊದಲು ಅವನ ಮನೆತನವನ್ನೆಲ್ಲ ಬೀದಿಗೆ ತಂದಳು. ಆಮೇಲೆ ಎಲೆ ಅಡಿಕೆ ಕುಟ್ಟುತ್ತ ನನ್ನ ಸೀಮಂತದ ಮಾತೆತ್ತಿದಳು.

"ನಿನ್ನ ಕುಬಸ ಯಾವಾಗ ಇಟಗೊಂಡೇವಿ?"

"ನಿಮ್ಮ ಮಗಾ ಬಂದಮ್ಯಾಲ ಅಂದಿದ್ರೆಲಾ. ಶುಕ್ರವಾರ."

"ಉಡಿ ತುಂಬಾಕ ಅಕ್ಕಿ?"

"ಎಲ್ಲೀವು? ಕಾರ್ಡ ಹೋತಲ್ಲ."

"ಯಾರಿಂದ ಹೋತು?" ಎಂದಳು. ಅವಳ ಬೊಚ್ಚು ಬಾಯಿ ಅಗಲವಾಯಿತು. "ಹಂಗಾದ್ರ ಅವನ ಮನ್ಯಾಗನ ತುಂಬೂಣು."

ಗುರುವಾರ ಶಟ್ಟೆಪ್ಪ ಬಂದ. ಮೈಗೆಲ್ಲ ಬಣ್ಣದ ವಾಸನೆ, ಕಣ್ಣ ಕೆಳಗೆ ಕಪ್ಪು. ವಿಷಯ ಕೇಳಿ ರೊಟ್ಟಿ ಮುರಿಯುವುದನ್ನು ಬಿಟ್ಟ.

"ಹುಚ್ಚ ಹಿಡದೈತೇನ ನಿಮಗ? ನಾಕ ಮಂದ್ಯಾಗ ನಿಂತು, ನನ್ನ ಹೊಟ್ಟೀದು ಯಾರದಂತ ಕೇಳತೀ? ನನ್ನ ಮರ್ಯಾದಿ ಏನಾಗಬೇಕು?"

"ನಿನ್ನ ಮರ್ಯಾದಿ ಕಡಲಾಗ ಐತಿ. ಮುನ್ನೂರಾ ಅರವತ್ತೈದ ದಿನ. ಸಹಿ ಶಿಕ್ಕಾ ಎಲ್ಲಾ ಐತಿ, ನೋಡ." ಹಾಳೆ ಅವನ ಮುಂದೆ ಇಟ್ಟೆ.

ಅವನು ಓದಿದ. ದೀಪಾವಳಿಯ ದಿನ ಕಡಲಲ್ಲಿ ಹಾಜರು. ಅವತ್ತು ಅವನು ನನ್ನ ಬೆನ್ನಿಗೆ ಎಣ್ಣೆ ತಿಕ್ಕಿದ್ದ. ಅವನಪ್ಪ ತೀರಿಕೊಂಡ ದಿನವೂ ಹಾಜರು. ಅವತ್ತು ಮಣ್ಣು ಕೊಟ್ಟು ಬಂದು ಈ ಹೊಸ್ತಿಲ ಮೇಲೆ ಕುಳಿತು ಅತ್ತವನು ಯಾರೆಂದು ಹಾಳೆಯಲ್ಲಿ ಬರೆದಿರಲಿಲ್ಲ. ಬಹಳ ಹೊತ್ತು ಅವನು ಆ ಒಂದು ತಾರೀಖಿನ ಮೇಲೆ ಬೆರಳಿಟ್ಟುಕೊಂಡೇ ಇದ್ದ.

"ನಾ ಏನ ಮಾಡಬೇಕು?" ಎಂದ ಕೊನೆಗೆ.

"ಏನೂ ಮಾಡಬ್ಯಾಡೋ ಮಗನ" ಎಂದಳು ಅತ್ತೆ. "ನೀ ಕಡಲಾಗ ಇರು."

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಿಜಗುಣಪ್ಪನ ಮನೆಯ ಮುಂದೆ ಟೆಂಪೊ ನಿಂತಿತು. ಕೇರಿಯ ಹನ್ನೊಂದು ಹೆಂಗಸರು ಇಳಿದರು. ಮನೋಳಿಯಿಂದ ಅನ್ನಪೂರ್ಣಾ ಬೇರೆ ಬಸ್ಸಿನಲ್ಲಿ ಬಂದಿದ್ದಳು. ಅವಳ ಗಂಡ ಬುಧವಾರವೇ ಕಡಲಿಗೆ ಹೋಗಿದ್ದ, ಶಟ್ಟೆಪ್ಪನಾಗಿ. ಅತ್ತೆ ಮೆಟ್ಟಿಲ ಎದುರಿಗೆ, ರಸ್ತೆಯ ಅಂಚಿನಲ್ಲಿ, ಎರಡು ಮಣೆ ಹಾಕಿಸಿದಳು. ಒಂದರ ಮೇಲೆ ನಾನು ಕುಳಿತೆ, ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಹೂವು. ಪಕ್ಕದ ಮಣೆ ಗಂಡನದು. ಅದನ್ನು ಖಾಲಿ ಬಿಟ್ಟೆವು.

ಎದುರಿನ ಚಹಾದಂಗಡಿಯ ಮುಂದೆ ಶಟ್ಟೆಪ್ಪ ಕೇಸರಿ ಬಣ್ಣದ ಕಂಪನಿ ಬಟ್ಟೆ, ತಲೆಗೆ ಟೊಪ್ಪಿಗೆ ಹಾಕಿಕೊಂಡು ನಿಂತು ಚಹಾ ಕುಡಿಯುತ್ತಿದ್ದ.

ಅತ್ತೆ ಸೋಬಾನ ಎತ್ತಿದಳು. ಪದ ಅವಳೇ ಕಟ್ಟಿದ್ದು:

"ಕಡಲಾಗ ಕುಂತಾನ ಕಾಗದದ ಗಂಡ
ಕದಲಿಲ್ಲ ಬರಲಿಲ್ಲ, ಹೊಟ್ಟ್ಯಾಗ ಕಂದ
ಹಾಜರಿ ಹಾಕಿದಾಂವ ಎದ್ದ ಬರಲಿ, ಸೋಬಾನ!"

ಹನ್ನೊಂದು ಗಂಟಲು ಸೋಬಾನ ಎಂದವು. ಚಹಾದಂಗಡಿಯ ಬೆಂಚು ಖಾಲಿಯಾಯಿತು. ಬಸ್ಸಿಗೆ ಹೊರಟವರು ನಿಂತರು. ಸೈಕಲ್ಲುಗಳು ನಿಂತವು. ನಿಜಗುಣಪ್ಪ ಬಾಗಿಲಿಗೆ ಬಂದ.

"ಏನಿದು ಗದ್ಲಾ? ಯಾರ್ದು?"

"ಕುಬಸರೀ ಸಾವಕಾರ್ರ" ಎಂದಳು ಅತ್ತೆ, ಬಹಳ ವಿನಯದಿಂದ. "ನನ್ನ ಸೊಸೀದು. ಉಡಿ ತುಂಬಾಕ ಅಕ್ಕಿ ಇಲ್ರಿ ಮನ್ಯಾಗ. ನಿಮ್ಮ ಟ್ಯಾಕ್ಸಿನ್ಯಾಗ ಹೋದೂವು. ಅದಕ್ಕ ನಿಮ್ಮ ಬಾಗಲಿಗೆ ಬಂದೇವಿ."

"ನಿಮ್ಮ ಕೇರ್ಯಾಗ ಮಾಡಕೋರಿ! ಏಳ್ರಿ ಇಲ್ಲಿಂದ!"

"ಮಾಡಕೋತಿದ್ವಿರಿ. ಗಂಡನ ಮಣಿ ಖಾಲಿ ಐತಿ. ವರ್ಷಾತು, ನನ್ನ ಮಗಾ ಕಡಲ ಬಿಟ್ಟ ಬಂದಿಲ್ಲ. ನೀವ ಬರದ ಕೊಟ್ಟೀರಿ." ಅತ್ತೆ ಹಾಳೆಯನ್ನು ತಲೆಯ ಮೇಲೆ ಎತ್ತಿ ಜನರ ಕಡೆ ತಿರುಗಿಸಿದಳು. "ದಿನಾ ನನ್ನ ಮಗನ ಜಾಗಾದಾಗ ಸಹಿ ಮಾಡಿದವ್ರು ನೀವು. ಈ ಮಣೀನೂ ಅವನ ಜಾಗಾನ ರೀ. ಬರ್ರಿ, ಕುಂಡ್ರಿ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ರಸ್ತೆಯ ಎರಡೂ ಬದಿಯಿಂದ ನಗು ಎದ್ದಿತು. ಎಪಿಎಂಸಿ ಚುನಾವಣೆಗೆ ನಿಲ್ಲುವ ಆಸೆಯಿದ್ದ ನಿಜಗುಣಪ್ಪನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. ಅಷ್ಟರಲ್ಲಿ ಅವನ ಕಣ್ಣು ಚಹಾದಂಗಡಿಯ ಕಡೆ ಹೋಯಿತು.

"ಏ ಶಟ್ಟ್ಯಾ! ಭಾಡ್ಯಾ! ಅಲ್ಲಿ ನಿಂತ ಚಾ ಕುಡ್ಯಾಕತ್ತೀ? ಬಂದು ನಿನ್ನ ಹೇಣ್ತೀನ ಎಬ್ಬಿಸಿಕೊಂಡ ಹೋಗಲೇ!"

"ನಾ ಇಲ್ಲಿ ಇಲ್ರಿ ಸಾವಕಾ‌ರ್ರ" ಎಂದು ಶಟ್ಟೆಪ್ಪ ಅಲ್ಲಿಂದಲೇ ಕೂಗಿದ. "ಕಡಲಾಗ ಅದೇನಿ. ಯಾಕ, ಇವತ್ತಿಂದು ಹಾಜರಿ ಹಾಕಿಲ್ಲೇನ್ರಿ?"

ಮದುವೆಯಾಗಿ ಐದು ವರ್ಷವಾಗಿತ್ತು. ಅವನು ಸಾವಕಾರನೊಬ್ಬನಿಗೆ ಎದುರುತ್ತರ ಕೊಟ್ಟದ್ದನ್ನು ನಾನು ಮೊದಲ ಸಲ ಕೇಳಿದೆ. ಆ ಗಳಿಗೆಯಲ್ಲಿ ಅವನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಎದ್ದು ಹೋಗಿ ಅವನ ಚಹಾದಲ್ಲಿ ಅರ್ಧ ಕುಡಿಯಬೇಕು ಎನಿಸಿತು.

ಮೇಲಿನ ಅಂತಸ್ತಿನಿಂದ ಕೋಲೂರುತ್ತ ಒಬ್ಬ ಮುದುಕಿ ಇಳಿದು ಬಂದಳು. ನಿಜಗುಣಪ್ಪನ ತಾಯಿ ಕೃಷ್ಣವ್ವ, ಊರಿಗೇ ಮಡಿ ಹೇಳುವವಳು. ಖಾಲಿ ಮಣೆ ನೋಡಿದಳು, ನನ್ನ ಹೊಟ್ಟೆ ನೋಡಿದಳು, ಮಗನನ್ನು ನೋಡಿದಳು.

"ಏನೋ ನಿಜಗುಣಾ" ಎಂದಳು. "ಏನ ಮಾಡಿಟ್ಟೀಯೋ ಹಾಟ್ಯಾನ? ಕೇರ್ಯಾಗೂ ಹೋಗೀಯೇನೋ?"

"ಯವ್ವಾ, ಹಂಗಲ್ಲಬೇ! ಬರೇ ಸಹಿ ಮಾಡೇನಿ!"

"ಸಹಿ ಮಾಡಿದ್ರ ಬಸರ ಆಕ್ಕಾರೇನೋ!"

ಪೋಲೀಸರು ಬಂದಿದ್ದರೂ ರಸ್ತೆಯ ಆ ನಗುವನ್ನು ನಿಲ್ಲಿಸಲು ಆಗುತ್ತಿರಲಿಲ್ಲ. ಮುದುಕಿ ಒಳಗೆ ಹೋಗಿ ಮೊರದ ತುಂಬ ಅಕ್ಕಿ ತಂದಳು. ಬಸುರಿಯನ್ನು ಬಾಗಿಲಿಂದ ಬರಿಗೈಯಲ್ಲಿ ಕಳಿಸುವ ಧೈರ್ಯ ಅವಳಿಗಿರಲಿಲ್ಲ. ಆದರೆ ಹೊಸ್ತಿಲ ಒಳಗೇ ನಿಂತಳು.

"ಸೆರಗ ಒಡ್ಡವಾ. ಅಲ್ಲೇ ಇರು, ಮ್ಯಾಲ ಬರಬ್ಯಾಡ. ಇಲ್ಲಿಂದನ ಹಾಕತೇನಿ."

ಮೂರು ಮೆಟ್ಟಿಲ ಮೇಲಿಂದ ಅಕ್ಕಿ ಸುರಿಯಲು ಮೊರ ಬಾಗಿಸಿದಳು. ನಾನು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಕ್ಕಿ ಮೆಟ್ಟಿಲ ಮೇಲೆ ಚೆಲ್ಲಿತು.

"ಅಕ್ಕಿ ಬ್ಯಾಡ್ರಿ ಅಮ್ಮಾರ. ಒಂದ ಹಾಳಿ ಸಾಕು. ನನ್ನ ಗಂಡ ಆರ ತಿಂಗಳ ನನ್ನ ಕೂಡ ಇದ್ದ ಅಂತ ನಿಮ್ಮ ಮಗಾ ಬರದ ಕೊಡ್ಲಿ. ನಿಮ್ಮ ಮಗನ ಮ್ಯಾಲಿನ ಮಾತೂ ಹೊಕ್ಕೈತಿ, ನನ್ನ ಮ್ಯಾಲಿನ ಮಾತೂ ಹೊಕ್ಕೈತಿ. ಇಲ್ಲಂದ್ರ ದಿನಾ ಬಂದು ಇಲ್ಲೇ ಕುಂಡ್ರತೇನಿ. ಹಡದಮ್ಯಾಲ ತೊಟ್ಟಲಾನೂ ಇಲ್ಲೇ ಕಟ್ಟತೇವಿ. ಹೆಸರೂ ಇವರನ್ನ ಕೇಳೇ ಇಡ್ತೇವಿ."

"ಬರಿಯೋ ಮುಕಳ್ಯಾ!" ಎಂದು ಮುದುಕಿ ಕೋಲು ಕುಟ್ಟಿದಳು.

ಗುಮಾಸ್ತ ಕಂಪನಿಯ ಹೆಸರಿದ್ದ ಕಾಗದ ತಂದ. ನಿಜಗುಣಪ್ಪ ಗೋಡೆಗೆ ಒತ್ತಿ ಬರೆದ. ಮೊದಲು "ಕೆಲವು ದಿನ ರಜೆ" ಎಂದು ಬರೆದಿದ್ದ. ನಾನು ಹತ್ತನೆಯ ತರಗತಿ ಪಾಸಾದವಳು, ಓದಿ ತಿರುಗಿ ಕೊಟ್ಟೆ. ಆಮೇಲೆ ಸರಿಯಾಗಿ ಬರೆದ: ಒಂದು ವರ್ಷದಲ್ಲಿ ಇಪ್ಪತ್ತೆಂಟು ದಿನದ ಆರು ಸುತ್ತು ಮತ್ತು ಒಂದು ಅರ್ಧ ಸುತ್ತು ಶಟ್ಟೆಪ್ಪನು ಊರಿನಲ್ಲಿದ್ದನು, ಆ ದಿನಗಳಿಗೆ ಪಗಾರವಾಗಲಿ ಓಟಿಯಾಗಲಿ ಅವನಿಗೆ ಸಂದಿಲ್ಲ. ಸಹಿ. ಶಿಕ್ಕಾ. ಪೂನಮ್ ಟೆಂಪೊದ ಹತ್ತಿರ ನಿಂತು ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದುಕೊಳ್ಳುತ್ತಿದ್ದಳು.

ಹಾಳೆಯನ್ನು ಈ ಸಲ ನೆಲಕ್ಕೆ ಬಿಡಲಿಲ್ಲ. ಮೂರು ಮೆಟ್ಟಿಲು ಇಳಿದು ನನ್ನ ಕೈಗೇ ಕೊಟ್ಟ. ಕೊಡುವಾಗ ಬಗ್ಗಿ, ಹಲ್ಲು ಕಡಿಯುತ್ತ, ನನಗೂ ನನ್ನ ಹಿಂದೆ ನಿಂತ ಹೆಂಗಸರಿಗೂ ಮಾತ್ರ ಕೇಳುವಂತೆ ಹೇಳಿದ:

"ಶಾಣ್ಯಾಕಿ ಆಗೀ. ಉಳದ ಆರ ತಿಂಗಳ ಕಡಲಾಗ ದುಡದಾಂವ ಯಾರಂತ ಕಂಪನಿ ನನಗ ಕೇಳಿದ್ರ ಏನ ಹೇಳಲಿ? ದೆವ್ವಂತ ಬರೀಲ್ಯಾ? ನಿನ್ನ ಗಂಡಗ ನಾಳಿಂದ ಕೆಲಸಿಲ್ಲ, ತಿಳಕೋ."

ಕಾರ್ಡು ಬಂದೀತು, ಕೆಲಸ ಹೋದೀತು. ಅದು ಗೊತ್ತಿದ್ದೇ ಬಂದಿದ್ದೆ, ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅಷ್ಟರಲ್ಲಿ ಹೆಂಗಸರ ಹಿಂದಿನಿಂದ ಅನ್ನಪೂರ್ಣಾ ಮುಂದೆ ಬಂದಳು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ, ಸೋಬಾನಕ್ಕೂ ಧ್ವನಿ ಕೂಡಿಸಿರಲಿಲ್ಲ. ಸೀರೆ ಒತ್ತಿಕೊಂಡು, ನನ್ನ ಪಕ್ಕದ ಖಾಲಿ ಮಣೆಯ ಮೇಲೆ ಕುಳಿತಳು. ಗಂಡನ ಮಣೆಯ ಮೇಲೆ. ನನ್ನ ತೋಳಿಗೆ ಅವಳ ತೋಳು ತಾಗಿತು.

"ದೆವ್ವ ಅಲ್ರಿ" ಎಂದಳು, ರಸ್ತೆಗೆಲ್ಲ ಕೇಳುವಂತೆ. "ಉಳದ ಆರ ತಿಂಗಳ ನನ್ನ ಗಂಡಂದು. ಈ ಹೊತ್ತಿನ್ಯಾಗೂ ಅಲ್ಲೇ ತುಕ್ಕ ಕೆರ್ಯಾಕತ್ತಾನ. ಎರಡ ವರ್ಷದಿಂದ ಅವನ ಹೆಸರ ಯಾವ ಹಾಳ್ಯಾಗೂ ಇಲ್ಲ. ಮಾಯಕ್ಕಂದು ಮುಗೀತು. ಇನ್ನ ನಂದು ಬರೀರಿ."

ನಿಜಗುಣಪ್ಪ ಪೆನ್ನಿಗೆ ಟೊಪ್ಪಿಗೆ ಹಾಕಿ ಜೇಬಿಗೆ ಸಿಕ್ಕಿಸಿಕೊಂಡಿದ್ದ. ಮುದುಕಿ ಹೊಸ್ತಿಲಲ್ಲಿ ಖಾಲಿ ಮೊರ ಹಿಡಿದು ನಿಂತೇ ಇದ್ದಳು. ಶಟ್ಟೆಪ್ಪ ಚಹಾದ ಲೋಟ ಇಟ್ಟು ರಸ್ತೆ ದಾಟಿ ಬರುತ್ತಿದ್ದ. ಯಾರೂ ಏಳಲಿಲ್ಲ. ಮೆಟ್ಟಿಲ ಮೇಲೆ ಚೆಲ್ಲಿದ ಅಕ್ಕಿಗೆ ಗುಬ್ಬಿಗಳು ಬಂದವು.

"ಯು" ಎಂದಳು ಅನ್ನಪೂರ್ಣಾ, ಒಂದೊಂದೇ ಅಕ್ಷರ ಬಿಡಿಸಿ. "ವ. ರಾ. ಜ. ಬರೀರಿ. ನಾವು ಕುಂತಿರ್ತೇವಿ."

ಅತ್ತೆ ಮೊದಲಿನಿಂದ ಪದ ಎತ್ತಿದಳು.